ಗಟ್ಟಿ ಚೀಸ್ ಹಣ್ಣಾದ ಮೇಲೆ ಕಹಿ ಬರುತ್ತಿದೆ, ವೆಜ್ ರೆನೆಟ್ ಕಾರಣವಾ?

ಧಾರವಾಡ_ಚೀಸ್‌ಮನೆ
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ಹೇಳಿ. ಮನೆಯಲ್ಲೇ ಚೆಡ್ಡರ್ ಮಾದರಿಯ ಗಟ್ಟಿ ಚೀಸ್ ಮಾಡುತ್ತೇನೆ. ಉಗಾದಿ ಹೊತ್ತಿಗೆ ಮಾಡಿಟ್ಟದ್ದನ್ನು ದಸರಾಕ್ಕೆ ಕೊಯ್ದೆ. ನೋಡಲು ಚೆನ್ನಾಗಿದೆ. ತೂತಿಲ್ಲ, ಬಿರುಕಿಲ್ಲ, ಕೆಟ್ಟ ವಾಸನೆ ಇಲ್ಲ. ಬಾಯಿಗಿಟ್ಟರೆ ಮೊದಲು ಹುಳಿ, ಉಪ್ಪು. ನುಂಗುವ ಹೊತ್ತಿಗೆ ನಾಲಿಗೆಯ ಹಿಂದೆ ಕಹಿ ಹತ್ತುತ್ತದೆ. ನೀರು ಕುಡಿದರೂ ಹೋಗುವುದಿಲ್ಲ. ಹಿಂದಿನ ಸಲವೂ ಹೀಗೇ ಆಗಿತ್ತು.

ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅಡುಗೆಮನೆಗೇ ಬೇಡ ಅಂತ ಅತ್ತೆಯವರು ಹೇಳಿದ್ದಾರೆ, ನನಗೂ ಬೇಡ. ರೆಸಿಪಿಯಲ್ಲಿ ಇದ್ದಂತೆಯೇ ಎಲ್ಲ ಮಾಡಿದ್ದೇನೆ. ಮತ್ತೆ ಯಾಕೆ ಕಹಿ?

ಗದಗ_ಹೈನು_ಕಾಕಾ
ತಂಗೀ, ನಿಮ್ಮ ಹಾಲು ಕೊಡುವವರ ಹೊಲದ ಬದುವಿನಲ್ಲಿ ಕಾಂಗ್ರೆಸ್ ಕಸ ಇದೆಯಾ ನೋಡಿ. ದನ ಅದನ್ನು ತಿಂದರೆ ಹಾಲು ಕಹಿಯಾಗುತ್ತದೆ. ಬೇಸಿಗೆಯಲ್ಲಿ ಹಸಿ ಮೇವು ಕಡಿಮೆ, ಸಿಕ್ಕಿದ್ದು ತಿನ್ನುತ್ತವೆ. ಇದು ನೂರಕ್ಕೆ ನೂರು ಮೇವಿನ ಸಮಸ್ಯೆ.

ಹುಬ್ಬಳ್ಳಿ_ಲ್ಯಾಬ್
ಮೇವಲ್ಲ, ರೆನೆಟ್. ಅಂಗಡಿಯಲ್ಲಿ ಸಿಗುವ ವೆಜ್ ರೆನೆಟ್ ಹೆಚ್ಚಾಗಿ ರೈಜೋಮ್ಯೂಕರ್ ಮಿಹೆ ಅನ್ನೋ ಬೂಷ್ಟಿನಿಂದ ಬರುವುದು. ಅದು ಹಾಲನ್ನು ಹೆಪ್ಪುಗಟ್ಟಿಸಿ ಸುಮ್ಮನಿರುವುದಿಲ್ಲ. ಚೀಸಿನೊಳಗೆ ಉಳಿದು ಪ್ರೋಟೀನನ್ನು ತುಂಡು ಮಾಡುತ್ತಲೇ ಇರುತ್ತದೆ. ಆ ಸಣ್ಣ ತುಂಡುಗಳೇ ಕಹಿ. ಪನೀರಿನಂಥ ತಾಜಾ ಚೀಸಿನಲ್ಲಿ ಗೊತ್ತೇ ಆಗುವುದಿಲ್ಲ, ತಿಂಗಳುಗಟ್ಟಲೆ ಇಟ್ಟದ್ದರಲ್ಲಿ ಗೊತ್ತಾಗುತ್ತದೆ. ವೆಜ್ ರೆನೆಟ್‌ನಲ್ಲಿ ಹಣ್ಣಾದ ಚೀಸ್ ಆಸೆ ಬಿಡಿ.

ಹಾವೇರಿ_ಹಾಲಿನಮನೆ
ಆಸೆ ಬಿಡಿ ಅನ್ನೋದು ಸರಿಯಲ್ಲ ಸರ. ಇಂಗ್ಲೆಂಡಿನ ಓಲ್ಡ್ ವಿಂಚೆಸ್ಟರ್ ವರ್ಷದ ಮೇಲೆ ಹಣ್ಣಾಗುವ ಗಟ್ಟಿ ಚೀಸ್, ವೆಜ್ ರೆನೆಟ್‌ನಲ್ಲೇ ಮಾಡುತ್ತಾರೆ. ಇಟಲಿಯ ಪಾರ್ಮಿಜಾನೊ ರೆಜಾನೊಗೆ ಕರುವಿನ ರೆನೆಟ್ ಕಡ್ಡಾಯ, ಹಾಗಾಗಿ ಇಂಗ್ಲೆಂಡಿನ ಎಷ್ಟೋ ಸಸ್ಯಾಹಾರಿಗಳು ಅದರ ಬದಲು ಓಲ್ಡ್ ವಿಂಚೆಸ್ಟರನ್ನೇ ತುರಿಯುತ್ತಾರೆ. ಕಹಿಯಾದರೆ ಯಾರು ಕೊಳ್ಳುತ್ತಿದ್ದರು?

ಅಕ್ಕಾ, ಇಷ್ಟು ಹೇಳಿ: ಹಾಲು ಯಾವುದು? ರೆನೆಟ್ ಎಷ್ಟು, ಯಾವ ನೀರಲ್ಲಿ ಕಲಸಿದಿರಿ? ಉಪ್ಪು ಎಷ್ಟು? ಎಷ್ಟು ಡಿಗ್ರಿಯಲ್ಲಿ ಇಟ್ಟಿದ್ದಿರಿ?

ಧಾರವಾಡ_ಚೀಸ್‌ಮನೆ
ಹಾಲು ಮಾಮೂಲಿದೇ, ಗೌಳಿಗರ ಮನೆಯದು. 10 ಲೀಟರ್. ರೆನೆಟ್ ದ್ರವ ರೂಪದ್ದು, ಉಪ್ಪು 20 ಗ್ರಾಂ. ಹಳೇ ಫ್ರಿಜ್‌ಗೆ ಕಂಟ್ರೋಲರ್ ಹಾಕಿ 12 ಡಿಗ್ರಿಯಲ್ಲಿ ಇಟ್ಟಿದ್ದೇನೆ.

ಗದಗ_ಹೈನು_ಕಾಕಾ
ಗೌಳಿಗರು ದನ ಮೇಯಲು ಬಿಡುತ್ತಾರೆ. ನಾನು ಹೇಳಿದ್ದೇ ಆಯಿತು. ಕಾಂಗ್ರೆಸ್ ಕಸ.

ಹಾವೇರಿ_ಹಾಲಿನಮನೆ
ಕಾಕಾ, ಮೇವಿನ ಕಹಿ ಕರೆದ ದಿನವೇ ಹಾಲಿನಲ್ಲಿ ಇರುತ್ತದೆ ಅಲ್ವಾ? ಚಹಾದಲ್ಲೇ ಗೊತ್ತಾಗಬೇಕಿತ್ತು. ಅಕ್ಕಾ, ಹಾಲು, ಹಿಂಡಿ ಬಂದ ನೀರು, ಒತ್ತುವ ಮೊದಲಿನ ಕರ್ಡ್ (ಹೆಪ್ಪಿನ ಗಡ್ಡೆ), ಇದರಲ್ಲಿ ಯಾವುದಾದರೂ ಕಹಿ ಇತ್ತಾ?

ಧಾರವಾಡ_ಚೀಸ್‌ಮನೆ
ಇಲ್ಲ. ಕರ್ಡ್ ಎಷ್ಟು ರುಚಿ ಇತ್ತೆಂದರೆ ಮಕ್ಕಳು ಬೋಗುಣಿಯಿಂದಲೇ ತಿಂದರು. ಆ ಹಾಲಲ್ಲೇ ದಿನಾ ಚಹಾ ಮಾಡುತ್ತೇವೆ.

ಗದಗ_ಹೈನು_ಕಾಕಾ
ಸ್ವಲ್ಪ ತಿಂದಿದ್ದರೆ ಹಾಲಲ್ಲಿ ಗೊತ್ತಾಗುವುದಿಲ್ಲ, ಚೀಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ನಮ್ಮ ಓಣಿಯಲ್ಲಿ ಖೋವಾ ಕಹಿಯಾದದ್ದು ಕಣ್ಣಾರೆ ನೋಡಿದ್ದೇನೆ.

ನವಲಗುಂದ_ಪ್ರೆಸ್
ಒತ್ತಡ ಎಷ್ಟು ಹಾಕಿದಿರಿ ಅಂತ ಯಾರೂ ಕೇಳಲಿಲ್ಲ. ನೀರಿನಂಶ ಉಳಿದರೂ ಕಹಿ ಬರುತ್ತದೆ. ನನ್ನದು ಸಾಗವಾನಿ ಕಟ್ಟಿಗೆಯ ಪ್ರೆಸ್, ಉದ್ದನೆ ಸನ್ನೆ, ತುದಿಗೆ ಅಜ್ಜಿಯ ಬೀಸುಕಲ್ಲಿನ ಮೇಲಿನ ಕಲ್ಲು ತೂಗು ಹಾಕುತ್ತೇನೆ. ಬಟ್ಟೆಯ ಗುರುತು ಕೂಡ ಉಳಿಯದಷ್ಟು ನಯವಾದ ಸಿಪ್ಪೆ ಬರುತ್ತದೆ. ಕೆಳಗೆ ತಟ್ಟೆಗೆ ಸಣ್ಣ ಕಾಲುವೆ ಕೊರೆದಿದ್ದೇನೆ, ನೀರು ತಾನೇ ಹರಿದು ಪಾತ್ರೆಗೆ ಬೀಳುತ್ತದೆ. ಅದರಲ್ಲೇ ರೊಟ್ಟಿ ಹಿಟ್ಟು ನಾದುತ್ತೇವೆ. ಫೋಟೋ ಹಾಕಲಾ?

ಹುಬ್ಬಳ್ಳಿ_ಲ್ಯಾಬ್
ಪ್ರೆಸ್ ಚೆನ್ನಾಗಿದೆ, ಬೇರೆ ಚರ್ಚೆ ತೆರೆಯಿರಿ. ಇಲ್ಲಿ ರೆನೆಟ್ ಬದಲಿಸುವುದೇ ಪರಿಹಾರ. ಎಫ್‌ಪಿಸಿ, ಅಂದರೆ ಟ್ಯಾಂಕಿನಲ್ಲಿ ಬೆಳೆಸಿದ ಕೈಮೋಸಿನ್ ತಗೊಳ್ಳಿ. ಕೈಮೋಸಿನ್ ಅಂದರೆ ಕರುವಿನ ರೆನೆಟ್‌ನಲ್ಲಿ ಹಾಲು ಹೆಪ್ಪುಗಟ್ಟಿಸುವ ಕಿಣ್ವ. ಕರುವಿನ ಕೈಮೋಸಿನ್ ಜೀನನ್ನು ಬೂಷ್ಟು ಇಲ್ಲವೇ ಯೀಸ್ಟ್ ಒಳಗೆ ಇಟ್ಟು ಟ್ಯಾಂಕಿನಲ್ಲಿ ಬೆಳೆಸುತ್ತಾರೆ. ಅಮೆರಿಕದಲ್ಲಿ 1990ರಲ್ಲಿ ಒಪ್ಪಿಗೆ ಸಿಕ್ಕಿತು. ಹೆಪ್ಪುಗಟ್ಟಿಸುವುದು ಬಿಟ್ಟರೆ ಉಳಿದ ಪ್ರೋಟೀನನ್ನು ಅಷ್ಟು ಕಡಿಯುವುದಿಲ್ಲ, ಕಹಿ ಕಡಿಮೆ.

ಶಿಗ್ಗಾವಿ_ಸಾತ್ವಿಕ
ಕರುವಿನ ಜೀನ್ ಅಂದ ಮೇಲೆ ಅದು ಸಸ್ಯಾಹಾರ ಹೇಗಾಗುತ್ತದೆ? ಪನೀರ್ ಹೂವಿನ ಕಾಯಿ ಹಾಕಿ. ಅಶ್ವಗಂಧದ ಜಾತಿಯ ಗಿಡ, ಗ್ರಂಥಿಗೆ ಅಂಗಡಿಯಲ್ಲಿ ಒಣಗಿದ್ದು ಸಿಗುತ್ತದೆ. ನೆನೆಸಿದ ನೀರು ಹಾಕಿದರೆ ಹಾಲು ಹೆಪ್ಪಾಗುತ್ತದೆ.

ಹುಬ್ಬಳ್ಳಿ_ಲ್ಯಾಬ್
ಜೀನ್ ನಕಲು ಮಾತ್ರ, ಒಂದೂ ಕರು ಸಾಯುವುದಿಲ್ಲ. ಎಷ್ಟೋ ಸಸ್ಯಾಹಾರಿಗಳು ಇದನ್ನು ಒಪ್ಪಿದ್ದಾರೆ. ನಿಮ್ಮ ಪನೀರ್ ಹೂವು ಇನ್ನೂ ಜಾಸ್ತಿ ಕಹಿ. ಗಿಡದ ರೆನೆಟ್‌ಗಳೆಲ್ಲ ಪ್ರೋಟೀನನ್ನು ಜೋರಾಗಿ ಕಡಿಯುತ್ತವೆ. ಪೋರ್ಚುಗಲ್‌ನಲ್ಲಿ ಮುಳ್ಳುಗಿಡದ ಹೂವಿನಿಂದ ಸೆರಾ ದ ಎಸ್ಟ್ರೆಲಾ ಮಾಡುತ್ತಾರೆ ನಿಜ, ಆದರೆ ಅದು ಕುರಿ ಹಾಲು, ಒಳಗೆ ಮೆತ್ತಗಿನ ಚೀಸ್. ಇಲ್ಲಿ ಕೇಳಿದ್ದು ಗಟ್ಟಿದು.

ಶಿಗ್ಗಾವಿ_ಸಾತ್ವಿಕ
ಯಾರೋ ಒಪ್ಪಿದರೆ ನಮ್ಮ ಮನೆಯವರೂ ಒಪ್ಪಬೇಕಾ? ಅದು ಅವರವರ ಮನಸ್ಸಿನ ವಿಷಯ.

ಹಾವೇರಿ_ಹಾಲಿನಮನೆ
ಇಬ್ಬರೂ ದಯವಿಟ್ಟು ಸ್ವಲ್ಪ ತಡೆಯಿರಿ. ಅಕ್ಕಾ, ಗೌಳಿಗರ ಹಾಲು ಅಂದರೆ ಎಮ್ಮೆದು ತಾನೇ? ಕರ್ಡ್ ಎಷ್ಟು ತೂಗಿತು? ಹೆಪ್ಪು ಕೂರಲು ಎಷ್ಟು ಹೊತ್ತಾಯಿತು?

ಧಾರವಾಡ_ಚೀಸ್‌ಮನೆ
ಹೌದು, ಧಾರವಾಡಿ ಎಮ್ಮೆಯ ಹಾಲು. ಪೇಢೆ ಮಾಡುವವರೂ ಅದನ್ನೇ ಒಯ್ಯುತ್ತಾರೆ. ಕರ್ಡ್ ತೂಕ ಒಂದೂವರೆ ಕೆಜಿ ಮೇಲೆಯೇ. ಹೆಪ್ಪು ಬೇಗ ಕೂರುತ್ತದೆ. ಹಾಲಿನ ಮೇಲೆ ಸ್ಟೀಲ್ ಬಟ್ಟಲು ತೇಲಿಬಿಟ್ಟು ಬೆರಳಿಂದ ತಿರುಗಿಸುತ್ತೇನೆ. ಆರು ನಿಮಿಷಕ್ಕೆ ನಿಂತುಬಿಡುತ್ತದೆ.

ರೆನೆಟ್ 5 ಎಂಎಲ್. ಮೊದಲು ನಳದ ನೀರಲ್ಲಿ ಕಲಸುತ್ತಿದ್ದೆ, ಹೆಪ್ಪೇ ಸರಿ ಕೂರುತ್ತಿರಲಿಲ್ಲ. ಆಗ ಅಳತೆ ಹೆಚ್ಚು ಮಾಡಿದ್ದು. ಈಗ ಕಾಯಿಸಿ ಆರಿಸಿದ ನೀರು.

ಹಾವೇರಿ_ಹಾಲಿನಮನೆ
ಸಿಕ್ಕಿತು ಅಕ್ಕಾ.

ನಳದ ನೀರಿನ ಕ್ಲೋರಿನ್ ರೆನೆಟ್‌ನ ಶಕ್ತಿ ಕುಗ್ಗಿಸುತ್ತದೆ, ಅದಕ್ಕೇ ಆಗ ಹೆಪ್ಪು ಕೂರಲಿಲ್ಲ. ಕಾಯಿಸಿದ ನೀರಲ್ಲಿ ರೆನೆಟ್ ಪೂರ್ತಿ ಕೆಲಸ ಮಾಡುತ್ತದೆ, ಅಳತೆ ಮಾತ್ರ ಹಳೆಯದೇ ಉಳಿದಿದೆ. ಸಾಧಾರಣ ಶಕ್ತಿಯ ದ್ರವ ರೆನೆಟ್ ಆದರೆ 10 ಲೀಟರ್ ಹಸುವಿನ ಹಾಲಿಗೇ 3 ಎಂಎಲ್ ಸಾಕು. ಎಮ್ಮೆ ಹಾಲಿನಲ್ಲಿ ಕೇಸಿನ್ ಅನ್ನೋ ಪ್ರೋಟೀನು, ಕ್ಯಾಲ್ಸಿಯಂ ಎರಡೂ ಜಾಸ್ತಿ, ಇನ್ನೂ ಕಡಿಮೆ ಸಾಕು. ಬಟ್ಟಲು 12ರಿಂದ 15 ನಿಮಿಷಕ್ಕೆ ನಿಲ್ಲಬೇಕು. ಆರಕ್ಕೆ ನಿಂತರೆ ರೆನೆಟ್ ಅತಿಯಾಗಿದೆ ಎಂದೇ ಅರ್ಥ. ಹೆಚ್ಚು ಹಾಕಿದಷ್ಟೂ ಹೆಚ್ಚು ಚೀಸಿನೊಳಗೆ ಉಳಿಯುತ್ತದೆ, ಲ್ಯಾಬ್ ಅವರು ಹೇಳಿದ ಕಹಿ ಅದರಿಂದಲೇ.

ಇನ್ನೊಂದು ಉಪ್ಪು. ನಿಮ್ಮ ರೆಸಿಪಿ ಹಸುವಿನ ಹಾಲಿನದು. 10 ಲೀಟರಿಗೆ ಒಂದು ಕೆಜಿ ಚೀಸ್, 20 ಗ್ರಾಂ ಉಪ್ಪು, ಅಂದರೆ 2 ಶೇಕಡಾ. ನಿಮ್ಮದು ಒಂದೂವರೆ ಕೆಜಿ. ಅದೇ 20 ಗ್ರಾಂ ಹಾಕಿದರೆ ಹೆಚ್ಚೆಂದರೆ 1.3 ಶೇಕಡಾ ಆಗುತ್ತದೆ, ಒತ್ತುವಾಗ ನೀರಿನ ಜೊತೆ ಸ್ವಲ್ಪ ಹೋಗುತ್ತದೆ ಬೇರೆ. ಉಪ್ಪು ಕಡಿಮೆಯಾದರೆ ಕಹಿ ತುಂಡುಗಳನ್ನು ತಡೆಯುವವರೇ ಇಲ್ಲ. ಇನ್ನು ಮುಂದೆ ಲೀಟರ್ ಲೆಕ್ಕ ಬಿಡಿ, ಕರ್ಡ್ ತೂಗಿ ಉಪ್ಪು ಹಾಕಿ.

ಹುಬ್ಬಳ್ಳಿ_ಲ್ಯಾಬ್
ಲೆಕ್ಕ ಸರಿ ಇದೆ. ಆದರೂ ಬೂಷ್ಟಿನ ರೆನೆಟ್ ಇರುವವರೆಗೆ ಸ್ವಲ್ಪ ಕಹಿ ಇದ್ದೇ ಇರುತ್ತದೆ ಅನ್ನೋದು ನನ್ನ ಮಾತು. ಒಂದೇ ಹಾಲನ್ನು ಎರಡು ಪಾಲು ಮಾಡಿ, ಒಂದೊಂದಕ್ಕೆ ಒಂದೊಂದು ರೆನೆಟ್ ಹಾಕಿ ಹೋಲಿಸಿ ನೋಡಿ. ಉಪ್ಪು ಅಯೋಡಿನ್ ಇಲ್ಲದ್ದಿರಲಿ.

ನವಲಗುಂದ_ಪ್ರೆಸ್
ಅಯೋಡಿನ್ ಇದ್ದರೂ ನನಗೆ ಏನೂ ಆಗಿಲ್ಲ. ದಿನಾ ಅಡುಗೆಗೆ ಹಾಕುವ ಉಪ್ಪನ್ನೇ ಹಾಕುತ್ತೇನೆ.

ಹುಬ್ಬಳ್ಳಿ_ಲ್ಯಾಬ್
ಅಯೋಡಿನ್ ಕಲ್ಚರಿನ (ಹಾಲು ಹುಳಿ ಮಾಡಲು ಹಾಕುವ) ಬ್ಯಾಕ್ಟೀರಿಯಾಗೆ ತೊಂದರೆ ಕೊಡಬಹುದು. ಕಲ್ಲುಪ್ಪು ಸಿಗುವಾಗ ಯಾಕೆ ಆ ಗೊಡವೆ?

ಧಾರವಾಡ_ಚೀಸ್‌ಮನೆ
ಉಳಿದಿರುವ ಗುಂಡನ್ನು ಬಿಸಾಡಲಾ? ಹಾಲಿಗೆ ಎಷ್ಟು ದುಡ್ಡು ಹಾಕಿದ್ದೇನೆ.

ಹಾವೇರಿ_ಹಾಲಿನಮನೆ
ಬಿಸಾಡಬೇಡಿ. ಕೊಯ್ದ ಮುಖಕ್ಕೆ ಮೇಣ ಹಚ್ಚಿ ಮತ್ತೆ ಅದೇ 12 ಡಿಗ್ರಿಯಲ್ಲಿ ಇಡಿ. ಕಲ್ಚರಿನ ಬ್ಯಾಕ್ಟೀರಿಯಾ ಸತ್ತು ಒಡೆದಾಗ ಹೊರಬರುವ ಕಿಣ್ವಗಳು ಕಹಿ ತುಂಡುಗಳನ್ನು ಇನ್ನೂ ಸಣ್ಣಗೆ ಕಡಿಯುತ್ತವೆ. ಒಮ್ಮೊಮ್ಮೆ ಕಹಿ ಇಳಿಯುತ್ತದೆ. ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ. 4 ಡಿಗ್ರಿಯ ಫ್ರಿಜ್‌ನಲ್ಲಿಟ್ಟರೆ ಈ ಕೆಲಸ ತೀರಾ ನಿಧಾನ.

ಗದಗ_ಹೈನು_ಕಾಕಾ
ಎಲ್ಲ ಸರಿ. ಬದುವಿನ ಕಾಂಗ್ರೆಸ್ ಕಸ ಮಾತ್ರ ಕಿತ್ತು ಹಾಕಿಸಿ ತಂಗೀ. ಹೂ ಬಿಡುವ ಮೊದಲೇ ಕೀಳಬೇಕು, ಕೈಗೆ ಚೀಲ ಸುತ್ತಿಕೊಳ್ಳಲಿ, ಇಲ್ಲದಿದ್ದರೆ ತುರಿಕೆ ಏಳುತ್ತದೆ.

ಧಾರವಾಡ_ಚೀಸ್‌ಮನೆ
ಹೇಳುತ್ತೇನೆ ಕಾಕಾ. ಭಾನುವಾರ ಹೊಸ ಬ್ಯಾಚ್ ಇಟ್ಟೆ. ರೆನೆಟ್ ಎರಡೂವರೆ ಎಂಎಲ್, ಬಟ್ಟಲು 13 ನಿಮಿಷಕ್ಕೆ ನಿಂತಿತು. ಕರ್ಡ್ ತೂಗಿ 2 ಶೇಕಡಾ ಕಲ್ಲುಪ್ಪು ಹಾಕಿದ್ದೇನೆ. ಚಾಕು ಇಳಿಸಿ ಎತ್ತಿದಾಗ ಸೀಳು ನೆಟ್ಟಗೆ ಬಿತ್ತು, ಅದರೊಳಗೆ ತಿಳಿ ಹಸಿರು ನೀರು ತುಂಬಿಕೊಂಡಿತು. ಮೊದಲೆಲ್ಲ ನೀರು ಬೆಳ್ಳಗಿರುತ್ತಿತ್ತು. ಹಾವೇರಿ ತಮ್ಮಾ, ತುಂಬಾ ಉಪಕಾರವಾಯಿತು. ಕೊಯ್ದಾಗ ಬರೆಯುತ್ತೇನೆ.

ರಾಣೆಬೆನ್ನೂರು_ಹೊಸಬ
ಅಕ್ಕಾರೆ, ಆ ಫ್ರಿಜ್ ಕಂಟ್ರೋಲರ್ ಹುಬ್ಬಳ್ಳಿಯಲ್ಲಿ ಸಿಗುತ್ತದಾ, ತರಿಸಬೇಕಾ? ನನ್ನ ಚೀಸಿನ ಮೇಣದ ಕೆಳಗೆ ನೀಲಿ ಬೂಷ್ಟು ಬಂದಿದೆ, ಅದಕ್ಕೇನು ಮಾಡಲಿ?

ನವಲಗುಂದ_ಪ್ರೆಸ್
ಮೇಣ ಹಚ್ಚುವ ಮೊದಲು ಎಷ್ಟು ದಿನ ಒಣಗಿಸಿದಿರಿ? ಫೋಟೋ ಹಾಕಿ. ನನ್ನ ಪ್ರೆಸ್‌ನ ಫೋಟೋ ಕೂಡ ರಾತ್ರಿ ಹಾಕುತ್ತೇನೆ.