ಮಂಡಿ ನೋವಿನ ಹೀರೋ

“ಸೇಡು ತೀರಿಸಿಕೊಳ್ಳೋಕೆ ಹೊರಟ ಮುದುಕ ಮೊದಲು ಬಿಪಿ ಮಾತ್ರೆ ನುಂಗಬೇಕು. ಅದನ್ನ ತೋರಿಸದ ಸಿನಿಮಾನ ನಾನು ನಂಬಲ್ಲ” ಅಂದರು ಡಾಕ್ಟ್ರು.

ಮೇಷ್ಟ್ರಿಗೆ ರೇಗಿತು. ನಿವೃತ್ತಿಯಾದ ಮೇಲೆ ಅವರು ನೋಡುವುದೆಲ್ಲ ಇದೇ ಜಾತಿಯ ಸಿನಿಮಾ. ಮೊದಲ ಒಂದು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಪೊಲೀಸರ ಕೈಲಾಗದ್ದನ್ನು ಅಜ್ಜ ಮಾಡುತ್ತಾನೆ.

“2009ರ ‘ಹ್ಯಾರಿ ಬ್ರೌನ್’ ನೋಡಿ ಡಾಕ್ಟ್ರೇ. ಹೀರೋ ಮೈಕಲ್ ಕೇನ್‌ಗೆ ಆಗ 76. ಲಂಡನ್ನಿನ ಒಂದು ಹಳೇ ವಸತಿ ಸಮುಚ್ಚಯ, ಅಲ್ಲೊಂದು ಅಂಡರ್‌ಪಾಸ್. ಅದರ ತುಂಬ ಪುಂಡು ಹುಡುಗರು. ಒಂದಿನ ಆಸ್ಪತ್ರೆಯಿಂದ ಫೋನ್ ಬರುತ್ತೆ, ಹೆಂಡತಿ ಕೊನೇ ಗಳಿಗೆಯಲ್ಲಿದಾಳೆ ಅಂತ. ಅಂಡರ್‌ಪಾಸ್‌ನಲ್ಲಿ ಹೋದ್ರೆ ಬೇಗ ತಲುಪಬಹುದು. ಆದ್ರೆ ಹೆದರಿಕೆ. ಸುತ್ತು ಹಾಕ್ಕೊಂಡು ಹೋಗ್ತಾನೆ. ಹೋಗೋಷ್ಟರಲ್ಲಿ ಆಕೆ ಇಲ್ಲ.”

ಒಂದು ಗುಂಡೂ ಹಾರಿಲ್ಲ ನೋಡಿ. ಆದರೆ ಬತ್ತಿಗೆ ಬೆಂಕಿ ಹತ್ತಿದ್ದು ಆ ಸುತ್ತುದಾರಿಯಲ್ಲೇ.

“ಆಮೇಲೆ ಎಲ್ರನ್ನೂ ಅಟ್ಟಿಸಿಕೊಂಡು ಹೋಗಿ ಹೊಡೀತಾನೆ, ಅಲ್ವಾ?” ಡಾಕ್ಟ್ರು ಮೂಗು ಮುರಿದರು.

“ಅಟ್ಟಿಸಿಕೊಂಡು ಹೋಗೋಕೆ ನೋಡಿ ಉಸಿರು ಸಾಲದೆ ಕುಸಿದು ಬೀಳ್ತಾನೆ. ಎಂಫಿಸೀಮ.”

ಡಾಕ್ಟ್ರ ಮುಖ ಅರಳಿತು. “ಶ್ವಾಸಕೋಶ ಕೆಟ್ಟಿದೆಯಾ? ಹಾಗಾದ್ರೆ ಇವತ್ತೇ ನೋಡ್ತೀನಿ!”

ನನಗೂ ಅನಿಸುವುದು ಇದೇ. ಇಂಥ ಸಿನಿಮಾದ ಮಜಾ ಇರುವುದು ಬಂದೂಕಿನಲ್ಲಲ್ಲ, ಮಂಡಿಯಲ್ಲಿ. ಹರೆಯದ ಹೀರೋ ಗೋಡೆ ಹಾರಿಬಿಡುತ್ತಾನೆ, ಕಥೆ ಬರೆಯುವವನಿಗೆ ಕೆಲಸವೇ ಇಲ್ಲ. ಮುದುಕನಿಗೆ ಗೋಡೆ ಹಾರಲು ಆಗುವುದಿಲ್ಲ. ಕೂತು ಯೋಚಿಸಬೇಕು, ಹೊಂಚು ಹಾಕಬೇಕು. ಆ ಹೊಂಚೇ ಸಿನಿಮಾ. 1999ರ ರಷ್ಯನ್ ಸಿನಿಮಾ ‘ವೊರೊಶಿಲೋವ್ ಶಾರ್ಪ್‌ಶೂಟರ್’ನಲ್ಲಿ ಮಿಖಾಯಿಲ್ ಉಲ್ಯಾನೊವ್ ಮಾಡಿದ ತಾತ ಹಳ್ಳಿ ಮನೆ ಮಾರಿ ರೈಫಲ್ ಕೊಳ್ಳುತ್ತಾನೆ. ಮೊಮ್ಮಗಳಿಗೆ ಅನ್ಯಾಯ ಮಾಡಿದವರ ಮನೆ ಎದುರು ಕಿಟಕಿಯಲ್ಲಿ ಕೂರುತ್ತಾನೆ. ಕಿಟಕಿಯಲ್ಲಿ ಕೂತ ಮುದುಕನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತೆ? ಎಲ್ಲ ಮುದುಕರೂ ಅಲ್ಲೇ ಅಲ್ವಾ ಕೂರೋದು?

“ನಮ್ಮ ‘ಇಂಡಿಯನ್’ ಸೇನಾಪತಿ?” ಅಂದೆ.

“ಅದು ಮೋಸ” ಅಂದರು ಡಾಕ್ಟ್ರು. “1996ರಲ್ಲಿ ಕಮಲ್ ಹಾಸನ್‌ಗೆ 41. ಸುಕ್ಕು ಮೇಕಪ್ಪಿಂದು, ಮಂಡಿ ಸ್ವಂತದ್ದು.”

“ಮರ್ಮಸ್ಥಾನಕ್ಕೆ ಬೆರಳಿಟ್ಟು ಮಣಿಸೋ ಮರ್ಮಕಲೆ ಮರೀಬೇಡಿ” ಅಂದರು ಮೇಷ್ಟ್ರು. “ಎರಡು ಬೆರಳಲ್ಲಿ ಕೆಲಸ ಮುಗೀತು. ವಯಸ್ಸಾದೋರಿಗೆ ಅದಕ್ಕಿಂತ ಅನುಕೂಲ ಇನ್ನೇನು ಬೇಕು?”

“‘ಜೈಲರ್’ನ ಒಂದು ದೃಶ್ಯದಲ್ಲಿ ರಜನಿ ಅಷ್ಟೂ ಮಾಡಲ್ಲ. ತಾನು ಸುಮ್ನೆ ಕೂತಿರ್ತಾರೆ, ದೂರದಿಂದ ಸ್ನೈಪರ್‌ಗಳು ಹೊಡೀತಾರೆ” ಅಂದೆ.

“ಅದು ಸರಿಯಾದ ನಿವೃತ್ತಿ” ಅಂದರು ಡಾಕ್ಟ್ರು.

ಇಷ್ಟು ಹೊತ್ತು ಸುಮ್ಮನಿದ್ದ ಅಕ್ಕ ಬಾಯಿ ಬಿಟ್ಟಳು. “ಎಲ್ಲ ಅಜ್ಜಂದಿರೇ ಆಯ್ತು. ಅಜ್ಜಿಯರಿಗೆ ಸಿಟ್ಟೇ ಬರಲ್ವಾ? ಹೆಂಡತಿ ಸತ್ರೆ ಇವನು ಬಂದೂಕು ಹಿಡೀತಾನೆ. ಬದುಕಿದ್ದಾಗ ಒಂದು ತಟ್ಟೆ ತೊಳೆದಿದ್ನಾ ಅಂತ ಯಾವ ಸಿನಿಮಾನೂ ತೋರಿಸಲ್ಲ.”

ಯಾರ ಹತ್ತಿರವೂ ಉತ್ತರ ಇರಲಿಲ್ಲ. ಪುಣ್ಯಕ್ಕೆ 2024ರ ‘ಥೆಲ್ಮಾ’ ನೆನಪಾಯಿತು. ಫೋನ್‌ನಲ್ಲಿ ಮೊಮ್ಮಗನ ಹೆಸರು ಹೇಳಿ ಯಾರೋ ದುಡ್ಡು ಲಪಟಾಯಿಸುತ್ತಾರೆ. 93ರ ಅಜ್ಜಿ ಅದನ್ನು ವಾಪಸ್ ತರಲು ಹೊರಡುತ್ತಾಳೆ, ವಯಸ್ಸಾದವರು ಓಡಾಡುವ ಬ್ಯಾಟರಿ ಸ್ಕೂಟರ್ ಹತ್ತಿ. ಆ ಪಾತ್ರ ಮಾಡಿದ ಜೂನ್ ಸ್ಕ್ವಿಬ್ ಹುಟ್ಟಿದ್ದೇ 1929ರಲ್ಲಿ, ಮೇಕಪ್ ಮೋಸ ಇಲ್ಲ. ಸ್ಕೂಟರ್ ಚೇಸ್ ಇದೆ, ನಡೆದುಕೊಂಡು ಹೋಗುವವರೂ ಹಿಂದೆ ಹಾಕಬಹುದಾದಂಥದ್ದು.

“ಅದು ಹಾಕು” ಅಂದಳು ಅಕ್ಕ.

“ಬೇಡ, ‘ಗ್ರ್ಯಾನ್ ಟೊರಿನೊ’ ಹಾಕೋಣ. ಈಸ್ಟ್‌ವುಡ್‌ದು. ನಾನಿನ್ನೂ ನೋಡಿಲ್ಲ” ಅಂದರು ಮೇಷ್ಟ್ರು.

“ಅಯ್ಯೋ ಚೆನ್ನಾಗಿದೆ!” ಡಾಕ್ಟ್ರಿಗೆ ತಡೆಯಲಾಗಲಿಲ್ಲ. “ಕೊನೇಲಿ ಅವನು ಜೇಬಿಗೆ ಕೈ ಹಾಕ್ತಾನಲ್ಲ, ಎಲ್ರೂ ಪಿಸ್ತೂಲು ಅಂದ್ಕೋತಾರೆ. ನೋಡಿದ್ರೆ ಬರೀ ಲೈಟರ್!”

ಮೇಷ್ಟ್ರು ಕನ್ನಡಕ ತೆಗೆದರು. ನಿಧಾನವಾಗಿ ಒರೆಸಿದರು. ಮತ್ತೆ ಹಾಕಿಕೊಂಡರು.

“ಡಾಕ್ಟ್ರೇ, ನಿಮ್ಮ ಮನೆ ಎಷ್ಟನೇ ಮಹಡಿ?”

“ಮೂರನೇದು. ಲಿಫ್ಟ್ ಇಲ್ಲ.”

“ಹಾಗಾದ್ರೆ ಬದುಕಿದ್ರಿ.”