85 ದಾಟಿದರೆ ಸ್ಟೇರಿಂಗ್ ನಡುಗುತ್ತದೆ, ಎರಡು ಸಲ ಬ್ಯಾಲೆನ್ಸಿಂಗ್ ಆಯಿತು, ಇನ್ನೇನು ನೋಡಬೇಕು?

ಬೆಣ್ಣೆನಗರಿ
ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು. ಕೆಲಸಕ್ಕಾಗಿ ವಾರಕ್ಕೆ ಮೂರು ಸಲ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ. 2020ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟೈರು 185/65 ಆರ್15, ಗಾಡಿಯ ಜೊತೆ ಬಂದವೇ, 38 ಸಾವಿರ ಕಿ.ಮೀ. ಓಡಿವೆ. ಒಂದೂವರೆ ತಿಂಗಳಿಂದ ಒಂದು ತೊಂದರೆ. ಆನಗೋಡು ದಾಟಿ ಗಾಡಿ 85ಕ್ಕೆ ಬಂತು ಅಂದರೆ ಸ್ಟೇರಿಂಗ್ ನಡುಗಲು ಶುರು. 95ರಲ್ಲಿ ಜೋರು. 105 ದಾಟಿದರೆ ಕಡಿಮೆಯಾಗುತ್ತದೆ. ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ ಥರ. ಗಾಡಿ ಯಾವ ಕಡೆಗೂ ಎಳೆಯುವುದಿಲ್ಲ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡನ್ನೂ ಎರಡು ಸಲ ಮಾಡಿಸಿದೆ. ಮಷಿನ್‌ನಲ್ಲಿ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿದೆ. ಒಂದೆರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಈಗ ಅಂಗಡಿಯವರು ನಾಲ್ಕೂ ಟೈರು ಬದಲಿಸಿ ಅನ್ನುತ್ತಿದ್ದಾರೆ. ಟೈರಿನ ಹಲ್ಲು ಇನ್ನೂ 4 ಮಿ.ಮೀ. ಇದೆ. ಇನ್ನೊಂದು ವಿಷಯ. ಪಿ.ಬಿ. ರಸ್ತೆಯಲ್ಲಿ 25-30ರಲ್ಲಿ ಹೋಗುವಾಗ ಸೀಟಿನ ಕೆಳಗೆ ಮೆಲ್ಲಗೆ ಕುಲುಕಿದ ಹಾಗಾಗುತ್ತದೆ. ಅದು ರಸ್ತೆಯದ್ದೇ ಇರಬೇಕು ಅಂದುಕೊಂಡಿದ್ದೇನೆ. ಏನು ಮಾಡಲಿ?

ಹೆದ್ದಾರಿ ಸವಾರ
ಟೈರಿಗೆ ಐದು ವರ್ಷ ದಾಟಿದೆ. ಬದಲಿಸಿಬಿಡಿ. ನಾನು ಹುಬ್ಬಳ್ಳಿ-ಬೆಂಗಳೂರು ಮಧ್ಯೆ ತಿಂಗಳಿಗೆ ಆರೇಳು ಸಲ ಓಡಾಡುತ್ತೇನೆ. ರಬ್ಬರ್ ಗಟ್ಟಿಯಾದ ಮೇಲೆ ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ಅಷ್ಟೇ. ಅಲ್ಲಿಯವರೆಗೆ 110ರಲ್ಲಿ ಹೋಗಿ. ನಡುಕ ನಿಲ್ಲುತ್ತದೆ ಅಂತ ನೀವೇ ಹೇಳಿದ್ದೀರಲ್ಲ.

ತುಂಗಭದ್ರೆ ದಡ
ನನ್ನ ಪ್ರಕಾರ ಇದು ಅಲೈನ್‌ಮೆಂಟ್. ಹರಿಹರದಲ್ಲಿ ನನ್ನ ಗಾಡಿಗೂ ಹೀಗೇ ಆಗಿತ್ತು. ಅಲೈನ್‌ಮೆಂಟ್ ಮಾಡಿಸಿದ ಮೇಲೆ ಸರಿಹೋಯಿತು. ನಿಮಗೆ ಮಾಡಿದವರು ಸರಿಯಾಗಿ ಮಾಡಿಲ್ಲ. ಬೇರೆ ಕಡೆ ತೋರಿಸಿ.

ಕೋಟೆಯೂರು
ನಾನು ಚಿತ್ರದುರ್ಗದಲ್ಲಿ ಟೈರ್ ಅಂಗಡಿಯಲ್ಲಿ 12 ವರ್ಷ ಕೆಲಸ ಮಾಡಿದ್ದೇನೆ. ದಯವಿಟ್ಟು ಈಗಲೇ ಯಾವುದಕ್ಕೂ ದುಡ್ಡು ಹಾಕಬೇಡಿ. ಮೊದಲು ನಡುಕ ಎಲ್ಲಿದೆ, ಯಾವಾಗ ಬರುತ್ತದೆ ಅನ್ನೋದನ್ನು ಸರಿಯಾಗಿ ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸ್ಟೇರಿಂಗ್ ಕೈಯಲ್ಲಿ ಅದುರಿದರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟು, ನೆಲ ಅದುರಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ನೋಡಬೇಕು. ಆಕ್ಸಿಲರೇಟರ್ ಒತ್ತಿದಾಗ ಬಂದು, ಕಾಲು ತೆಗೆದ ಕೂಡಲೇ ಹೋದರೆ ಡ್ರೈವ್ ಶಾಫ್ಟಿನ (ಎಂಜಿನ್ ಶಕ್ತಿಯನ್ನು ಚಕ್ರಕ್ಕೆ ಮುಟ್ಟಿಸುವ ಸರಳು) ಒಳಗಿನ ಜಾಯಿಂಟ್. ನಿಂತ ಗಾಡಿಯಲ್ಲಿ ಎಂಜಿನ್ ರೇಸ್ ಮಾಡಿದರೂ ಬಂದರೆ ಎಂಜಿನ್ ಮೌಂಟಿಂಗ್, ಅಲ್ಲಿ ಚಕ್ರದ ಪಾತ್ರವೇ ಇಲ್ಲ. ಹೆದ್ದಾರಿಯಲ್ಲಿ ಇದನ್ನು ಒಂದು ನಿಮಿಷದಲ್ಲಿ ತಿಳಿಯಬಹುದು. ಹಿಂದೆ ಮುಂದೆ ಗಾಡಿ ಇಲ್ಲದ ಕಡೆ 95ಕ್ಕೆ ಹೋಗಿ, ನ್ಯೂಟ್ರಲ್ ಮಾಡಿ ಸ್ವಲ್ಪ ದೂರ ಬಿಡಿ. ಎಂಜಿನ್ ಆಫ್ ಮಾಡಬೇಡಿ. ನಡುಕ ಹಾಗೇ ಇದ್ದರೆ ಚಕ್ರದ ಕಡೆಯೇ.

@ಬೆಣ್ಣೆನಗರಿ, ನೀವು ಹೇಳಿದ 85-105 ಪೂರ್ತಿ ಬ್ಯಾಲೆನ್ಸಿನ ಲಕ್ಷಣ. ಆದರೆ 25-30ರ ಆ ಕುಲುಕಾಟ ಬೇರೆಯದು. ಬ್ಯಾಲೆನ್ಸ್ ತಪ್ಪಿದ ಚಕ್ರ ಅಷ್ಟು ನಿಧಾನದಲ್ಲಿ ಗೊತ್ತಾಗುವುದಿಲ್ಲ. ನಿಧಾನದಲ್ಲೇ ಕುಲುಕಿದರೆ ಟೈರು ದುಂಡಗಿಲ್ಲ, ಇಲ್ಲವೇ ರಿಮ್ ಬಗ್ಗಿದೆ. ನೀವು ಕೊನೆಯಲ್ಲಿ ಬರೆದ ಆ ಮಾತೇ ನನಗೆ ಜಾಸ್ತಿ ಚಿಂತೆ ತಂದಿರುವುದು.

ತುಂಗಭದ್ರೆ ದಡ
ಅಲೈನ್‌ಮೆಂಟ್‌ಗೆ ಸಂಬಂಧವೇ ಇಲ್ಲ ಅಂತೀರಾ? ಹಾಗಾದರೆ ನನ್ನ ಗಾಡಿ ಹೇಗೆ ಸರಿಹೋಯಿತು?

ಕೋಟೆಯೂರು
ಅಲೈನ್‌ಮೆಂಟ್ ಅಂದರೆ ಚಕ್ರ ಯಾವ ದಿಕ್ಕಿಗೆ ನಿಂತಿದೆ ಅನ್ನೋದು. ಅದು ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಚಕ್ರ ಸುತ್ತಿದಾಗ ತೂಕ ಒಂದೇ ಸಮ ಇದೆಯಾ ಅನ್ನೋದು ಬ್ಯಾಲೆನ್ಸ್. ಎರಡೂ ಬೇರೆ ಬೇರೆ. ನಿಮ್ಮ ಗಾಡಿಗೆ ಅವತ್ತು ಬರೀ ಅಲೈನ್‌ಮೆಂಟ್ ಮಾಡಿದರಾ, ಜೊತೆಗೆ ಬ್ಯಾಲೆನ್ಸಿಂಗ್ ಕೂಡ ಮಾಡಿದರಾ, ನೆನಪಿಸಿಕೊಳ್ಳಿ.

ಆದರೆ ನಿಮ್ಮ ಮಾತಿನಲ್ಲೂ ಒಂದು ನಿಜ ಇದೆ. ಅಲೈನ್‌ಮೆಂಟ್ ತಪ್ಪಿದ ಗಾಡಿಯನ್ನು ಸಾವಿರಾರು ಕಿ.ಮೀ. ಹಾಗೇ ಓಡಿಸಿದರೆ ಟೈರು ಏರುಪೇರಾಗಿ ಸವೆಯುತ್ತದೆ. ಆ ಸವೆತ ಆಮೇಲೆ ಸದ್ದು ಮಾಡುತ್ತದೆ, ಅದುರುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಗುಲಿದರೆ ಅಲೈನ್‌ಮೆಂಟ್ ಬಹಳ ದಿನದಿಂದ ತಪ್ಪಿದೆ ಅಂತ ಅರ್ಥ.

ತುಂಗಭದ್ರೆ ದಡ
ಬಿಲ್ ಹುಡುಕಿದೆ. ಎರಡೂ ಮಾಡಿದ್ದಾರೆ. ಸರಿ, ಒಪ್ಪಿದೆ.

ಫಿಸಿಕ್ಸ್ ಮೇಷ್ಟ್ರು
@ಹೆದ್ದಾರಿ ಸವಾರ, 110ರಲ್ಲಿ ಹೋಗಿ ಅಂದದ್ದನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ.

185/65 ಆರ್15 ಟೈರಿನ ಅಗಲ 185 ಮಿ.ಮೀ., ಪಕ್ಕೆಯ ಎತ್ತರ ಅದರ 65 ಶೇಕಡಾ, ರಿಮ್ 15 ಇಂಚು. ಒಟ್ಟು ವ್ಯಾಸ ಸುಮಾರು 62 ಸೆಂ.ಮೀ. ಒಂದು ಸುತ್ತಿಗೆ ಹತ್ತಿರ ಹತ್ತಿರ 1.95 ಮೀಟರ್ ಓಡುತ್ತದೆ. 100 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 27.8 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ 14 ಸಲ ಸುತ್ತುತ್ತದೆ.

ಈಗ ರಿಮ್ಮಿನ ಅಂಚಿನಲ್ಲಿ 30 ಗ್ರಾಂ ತೂಕ ಹೆಚ್ಚು ಕಡಿಮೆ ಇದೆ ಅನ್ನಿ. 100ರ ವೇಗದಲ್ಲಿ ಅದು ಚಕ್ರವನ್ನು ಸುಮಾರು 45 ನ್ಯೂಟನ್ ಬಲದಿಂದ ಹೊರಗೆ ಎಳೆಯುತ್ತದೆ. ನಾಲ್ಕೂವರೆ ಕೆಜಿ ಅಕ್ಕಿ ಚೀಲ ನೇತುಹಾಕಿದಷ್ಟು. ಅದೂ ಸೆಕೆಂಡಿಗೆ 14 ಸಲ ದಿಕ್ಕು ಬದಲಿಸುತ್ತಾ. 50ರಲ್ಲಿ ಅದೇ 30 ಗ್ರಾಂ ಬರೀ ಒಂದು ಕೆಜಿ ಚಿಲ್ಲರೆ ಬಲ ಹಾಕುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಊರೊಳಗೆ ಗೊತ್ತಾಗದ್ದು ಹೆದ್ದಾರಿಯಲ್ಲಿ ಗೊತ್ತಾಗುವುದು ಇದಕ್ಕೇ.

105 ದಾಟಿದ ಮೇಲೆ ಯಾಕೆ ಕಡಿಮೆ ಅನ್ನಿಸುತ್ತದೆ? ಜೋಕಾಲಿ ನೆನಪಿಸಿಕೊಳ್ಳಿ. ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಮಾತ್ರ ಮೇಲೇರುತ್ತದೆ. ಚಕ್ರ, ಸಸ್ಪೆನ್ಷನ್‌ಗೂ ಹಾಗೇ ಒಂದು ಲಯ ಇದೆ. ಕಾರುಗಳಲ್ಲಿ ಅದು ಸೆಕೆಂಡಿಗೆ ಸುಮಾರು 10ರಿಂದ 15 ಸಲ. 85ರಿಂದ 105ರ ಮಧ್ಯೆ ಚಕ್ರದ ಸುತ್ತು ಅದಕ್ಕೆ ಕೂಡಿಬರುತ್ತದೆ. ದಾಟಿದ ಮೇಲೆ ಕೈಗೆ ಗೊತ್ತಾಗುವುದು ಕಡಿಮೆಯಾಗುತ್ತದೆ. ಆದರೆ ಬಲ ಇನ್ನೂ ಹೆಚ್ಚುತ್ತಲೇ ಇರುತ್ತದೆ. ಬೇರಿಂಗ್, ಬಾಲ್ ಜಾಯಿಂಟ್ ಎಲ್ಲ ಆ ಪೆಟ್ಟು ತಿನ್ನುತ್ತಲೇ ಇರುತ್ತವೆ.

ಹೆದ್ದಾರಿ ಸವಾರ
ಇದು ನನಗೆ ಗೊತ್ತಿರಲಿಲ್ಲ ಮೇಷ್ಟ್ರೇ. 110ರ ಮಾತು ವಾಪಸ್ ತಗೊಂಡೆ. ಟೈರಿನ ಮಾತು ಮಾತ್ರ ಬಿಡುವುದಿಲ್ಲ. ಎರಡು ಸಲ ಸೊನ್ನೆ ತೋರಿಸಿದ ಮೇಲೂ ನಡುಕ ಬಂದರೆ ಇನ್ನೇನು ಉಳಿಯಿತು?

ಕೋಟೆಯೂರು
ಸೊನ್ನೆ ಬಂತು ಅಂದ ಮಾತ್ರಕ್ಕೆ ಮುಗಿಯಿತು ಅಂತಲ್ಲ. ಚಕ್ರವನ್ನು ಮಷಿನ್ನಿಗೆ ಕೂರಿಸುವಾಗ, ಅದರ ನಡುವಿನ ತೂತಿಗೆ ಹಾಕಿ ಹಿಡಿಸುವ ಕೋನ್ ಸರಿಯಾಗಿ ನಡುವೆ ಕೂರಬೇಕು. ತುಸು ವಾರೆಯಾದರೂ ಮಷಿನ್ ತನ್ನ ಲೆಕ್ಕಕ್ಕೆ ಸೊನ್ನೆ ತೋರಿಸುತ್ತದೆ, ಗಾಡಿಗೆ ಹಾಕಿದಾಗ ಅದು ಸೊನ್ನೆಯಲ್ಲ. ಪರೀಕ್ಷೆ ಮಾಡುವುದು ಸುಲಭ. ಸೊನ್ನೆ ಬಂದ ಮೇಲೆ ಚಕ್ರ ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಆಗಲೂ ಸೊನ್ನೆ ಬಂದರೆ ಕೆಲಸ ಸರಿ. 15-20 ಗ್ರಾಂ ತೋರಿಸಿದರೆ ಕೂರಿಸಿದ್ದೇ ತಪ್ಪು. ನಾನು ಕೆಲಸ ಕಲಿಸಿದ ಹುಡುಗರಿಗೆಲ್ಲ ಇದನ್ನು ಮೊದಲು ಹೇಳಿಕೊಡುತ್ತಿದ್ದೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಇನ್ನೊಂದು, ಪಂಕ್ಚರ್‌ಗೆ ಅಂತ ಟೈರೊಳಗೆ ಸೀಲೆಂಟ್ ದ್ರವ ಹಾಕಿಸಿದ್ದೀರಾ? ಅದು ಒಳಗೆ ಹರಿದಾಡುತ್ತದೆ, ಒಂದೊಂದು ಸಲ ಒಂದೊಂದು ಲೆಕ್ಕ ತೋರಿಸುತ್ತದೆ.

ಬೆಣ್ಣೆನಗರಿ
ಸೀಲೆಂಟ್ ಹಾಕಿಸಿಲ್ಲ. ಭರಮಸಾಗರದ ಹತ್ತಿರ ರಸ್ತೆ ಖಾಲಿ ಇದ್ದಾಗ ನ್ಯೂಟ್ರಲ್ ಮಾಡಿ ನೋಡಿದೆ. ನಡುಕ ಹಾಗೇ ಇತ್ತು. ಅಂದರೆ ಚಕ್ರದ್ದೇ.

ಮೆಕ್ಕೆಜೋಳ
ಒಂದು ಪ್ರಶ್ನೆ. ಮಳೆಯಲ್ಲಿ ಹೊಲದ ದಾರಿಗೆ ಗಾಡಿ ಇಳಿಸಿದ್ದೀರಾ?

ಬೆಣ್ಣೆನಗರಿ
ಹೌದು! ಜಗಳೂರು ಕಡೆ ನಮ್ಮ ಹೊಲ ಇದೆ. ಪ್ರತಿ ಭಾನುವಾರ ಹೋಗುತ್ತೇನೆ. ಕೊನೆಯ ಒಂದು ಕಿ.ಮೀ. ಪೂರ್ತಿ ಎರೆಮಣ್ಣು. ಯಾಕೆ?

ಮೆಕ್ಕೆಜೋಳ
ಹಾಗಾದರೆ ಚಕ್ರ ಬಿಚ್ಚಿ ರಿಮ್ಮಿನ ಒಳಮೈ ನೋಡಿ. ಎರೆಮಣ್ಣು ಹಸಿ ಇದ್ದಾಗ ಮೇಣದ ಹಾಗೆ ಹಿಡಿಯುತ್ತದೆ. ಚಪ್ಪಲಿಗೆ ಹೇಗೆ ಸೇರು ಸೇರು ಅಂಟುತ್ತದೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಪೈಪ್ ಹಿಡಿದು ತೊಳೆದರೆ ರಿಮ್ ಫಳಫಳ ಅನ್ನುತ್ತದೆ, ಒಳಗಿನದು ಹಾಗೇ ಇರುತ್ತದೆ. ಒಣಗಿದ ಮೇಲೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ನನ್ನ ಪಿಕಪ್‌ಗೆ ಪ್ರತಿ ಮಳೆಗಾಲ ಇದೇ ಗೋಳು. ಒಂದು ಹೆಂಟೆ ತೂಗಿ ನೋಡಿದ್ದೆ, 70 ಗ್ರಾಂ ಇತ್ತು.

ಕೋಟೆಯೂರು
@ಮೆಕ್ಕೆಜೋಳ, ಸರಿಯಾದ ಜಾಗ ಹಿಡಿದಿರಿ. ಒಂದೆರಡು ದಿನ ಚೆನ್ನಾಗಿದ್ದು ಮತ್ತೆ ಕೆಡುವುದಕ್ಕೆ ಇದೇ ಕಾರಣ ಇರಬಹುದು. ಮಣ್ಣು ಅಂಟಿದ ಚಕ್ರವನ್ನೇ ಮಷಿನ್ನಿಗೆ ಹಾಕಿದ್ದಾರೆ. ಮಣ್ಣಿನ ತೂಕಕ್ಕೆ ಎದುರಾಗಿ ಸೀಸದ ತುಂಡು ಹಚ್ಚಿದ್ದಾರೆ. ಆಗ ಸೊನ್ನೆ. ಎರಡು ದಿನಕ್ಕೆ ಮಣ್ಣು ಒಣಗಿ ಉದುರಿತು, ತುಂಡು ಅಲ್ಲೇ ಉಳಿಯಿತು. ಈಗ ಆ ತುಂಡೇ ನಡುಕಕ್ಕೆ ಕಾರಣ. ಚಕ್ರ ತೊಳೆದು, ಹಳೆಯ ತುಂಡುಗಳನ್ನು ಪೂರ್ತಿ ಕಿತ್ತು, ಆಮೇಲೆ ಬ್ಯಾಲೆನ್ಸ್ ಮಾಡಬೇಕು. ಇದನ್ನು ಬಿಡುವ ಅಂಗಡಿಯವರ ಮೇಲೆ ನನಗೆ ನಿಜವಾಗಿಯೂ ಬೇಸರ. ಗ್ರಾಹಕ ದುಡ್ಡು ಕೊಟ್ಟಿರುವುದು ಈ ಕೆಲಸಕ್ಕೇ ಅಲ್ವಾ?

ಬೆಣ್ಣೆನಗರಿ
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಬೇರೆ ಅಂಗಡಿಗೆ ಹೋದೆ. ಮುಂದಿನ ಎರಡೂ ಚಕ್ರದ ಒಳಗೆ ಅಂಗೈ ಅಗಲದ ಮಣ್ಣಿನ ಪದರ ಇತ್ತು. ಎಡಗಡೆಯದರಲ್ಲಿ ಹಳೆಯ ತುಂಡುಗಳ ಮೇಲೆ ಹೊಸ ತುಂಡು ಹಚ್ಚಿದ್ದರು, ಕಿತ್ತು ತೂಗಿದರೆ ಒಟ್ಟು 85 ಗ್ರಾಂ. ತೊಳೆದು ಮಾಡಿದ ಮೇಲೆ ಬರೀ 20 ಗ್ರಾಂ ಸಾಕಾಯಿತು. ಅರ್ಧ ಸುತ್ತು ತಿರುಗಿಸಿಯೂ ನೋಡಿಸಿದೆ, ಸೊನ್ನೆಯೇ. ಇವತ್ತು ಚಿತ್ರದುರ್ಗಕ್ಕೆ ಹೋಗಿ ಬಂದೆ. ಸ್ಟೇರಿಂಗ್ ಕಲ್ಲಿನ ಹಾಗೆ ನಿಂತಿತ್ತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಸೀಟಿನ ಕೆಳಗಿನ ಕುಲುಕಾಟ ಮಾತ್ರ ಇನ್ನೂ ಇದೆ. ಈಗ ಸ್ಟೇರಿಂಗ್ ಸುಮ್ಮನಾದ ಮೇಲೆ ಅದು ಜಾಸ್ತಿ ಗೊತ್ತಾಗುತ್ತಿದೆ.

ಕೋಟೆಯೂರು
ಅದನ್ನು ಬಿಡಬೇಡಿ. ಮನೆಯಲ್ಲೇ ನೋಡಬಹುದು. ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ, ಗೇರ್‌ನಲ್ಲಿ ಇರಲಿ. ಹಿಂದಿನ ಒಂದು ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟರೆ ಅದು ಕೈಯಲ್ಲಿ ಸುತ್ತುತ್ತದೆ. ಗಾಡಿ ಕೆಳಗೆ ಯಾರೂ ಹೋಗಬಾರದು. ಒಂದು ಇಟ್ಟಿಗೆ ಮೇಲೆ ಪೆನ್ ಇಟ್ಟು, ಅದರ ತುದಿ ಟೈರಿನ ಹಲ್ಲಿಗೆ ತಾಗಿಯೂ ತಾಗದ ಹಾಗೆ ಇಡಿ. ನಿಧಾನಕ್ಕೆ ಸುತ್ತಿಸಿ. ಸಂದು ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಮಿ.ಮೀ.ಗಿಂತ ಜಾಸ್ತಿ ಏರಿಳಿತ ಇದ್ದರೆ ತಿಳಿಸಿ. ಪೆನ್ನನ್ನು ರಿಮ್ಮಿನ ಅಂಚಿಗೂ ಹಿಡಿದು ನೋಡಿ. ಅಲ್ಲೂ ಏರಿಳಿತ ಇದ್ದರೆ ಗುಂಡಿಗೆ ಬಿದ್ದು ರಿಮ್ ಬಗ್ಗಿದೆ. ರಿಮ್ ಸರಿ ಇದ್ದು ಟೈರಿನಲ್ಲಿ ಮಾತ್ರ ಇದ್ದರೆ ಬೇರೆ ಮಾತು.

ಬೆಣ್ಣೆನಗರಿ
ನೋಡಿದೆ. ಬಲಗಡೆ ಸಮ ಇದೆ. ಎಡಗಡೆ ಹಿಂದಿನ ಟೈರಿನಲ್ಲಿ ಒಂದು ಗೇಣು ಉದ್ದಕ್ಕೆ ಪೆನ್ ಉಜ್ಜುತ್ತದೆ, ಉಳಿದ ಕಡೆ 2 ಮಿ.ಮೀ. ಸಂದು. ರಿಮ್ ಸರಿಯಾಗಿದೆ. ಆ ಜಾಗದಲ್ಲಿ ಕೈ ಆಡಿಸಿದರೆ ಹಲ್ಲಿನ ಸಾಲೇ ತುಸು ಉಬ್ಬಿದ ಹಾಗಿದೆ. ಅಲ್ಲಿಯ ಹಲ್ಲು ಮಾತ್ರ ಬೇಗ ಸವೆದಿದೆ.

ಕೋಟೆಯೂರು
ಈ ಟೈರನ್ನು ಇವತ್ತೇ ಬಿಚ್ಚಿ. ಟೈರಿನೊಳಗೆ ರಬ್ಬರಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ. ಒಂದೇ ಕಡೆ ಹೀಗೆ ಉಬ್ಬಿದ್ದರೆ ಆ ಪಟ್ಟಿ ರಬ್ಬರಿನಿಂದ ಬಿಡುತ್ತಿದೆ ಅಂತ ಅರ್ಥ. ಬೇಸಿಗೆಯಲ್ಲಿ, ತುಂಬಿದ ಗಾಡಿಯಲ್ಲಿ, ಹೆದ್ದಾರಿ ವೇಗದಲ್ಲಿ ಅದು ಪೂರ್ತಿ ಕಿತ್ತು ಬರುತ್ತದೆ. ಹಿಂದಿನ ಚಕ್ರದಲ್ಲಿ ಹಾಗಾದರೆ ಗಾಡಿ ಹಿಡಿತಕ್ಕೆ ಸಿಗುವುದು ಕಷ್ಟ. ಇದಕ್ಕೆ ಬ್ಯಾಲೆನ್ಸಿಂಗ್ ಮದ್ದಲ್ಲ. ತೂಕ ಸಮ ಮಾಡಿದರೂ ಉಬ್ಬು ಉಬ್ಬಾಗಿಯೇ ಇರುತ್ತದೆ.

ಹೆದ್ದಾರಿ ಸವಾರ
ಟೈರು ಬದಲಿಸಿ ಅಂತ ನಾನು ಮೊದಲೇ ಹೇಳಿದ್ದೆ. ಆದರೆ ನಾಲ್ಕು ಅಂದದ್ದು ತಪ್ಪು, ಕಾರಣವೂ ತಪ್ಪು. ಈಗ ಒಂದೇ ಬದಲಿಸಿದರೆ ಸಾಕಾ?

ಕೋಟೆಯೂರು
ಒಂದೇ ಆಕ್ಸಲಿನಲ್ಲಿ ಒಂದು ಹೊಸದು ಒಂದು ಹಳೆಯದು ಬೇಡ, ಮಳೆಯಲ್ಲಿ ಹಿಡಿತ ಎರಡು ಥರ ಆಗುತ್ತದೆ. ಜೋಡಿ ಹಾಕಿ, ಅದೂ ಹಿಂದಕ್ಕೇ. ಕೊಳ್ಳುವಾಗ ಪಕ್ಕೆಯ ಮೇಲಿನ ಕೊನೆಯ ನಾಲ್ಕು ಅಂಕಿ ನೋಡಿ. 1125 ಅಂದರೆ 2025ರ 11ನೇ ವಾರ ತಯಾರಾದದ್ದು. ಹಳದಿ ಚುಕ್ಕಿ ಇದ್ದರೆ ಅದನ್ನು ವಾಲ್ವಿನ ಪಕ್ಕಕ್ಕೆ ತಂದು ಕೂರಿಸಲು ಹೇಳಿ, ಅದು ಟೈರಿನ ಹಗುರ ಜಾಗ. ತೂಕದ ತುಂಡು ಕಡಿಮೆ ಸಾಕಾಗುತ್ತದೆ.

ಮೆಕ್ಕೆಜೋಳ
ಭಾನುವಾರ ಹೊಲಕ್ಕೆ ಹೋಗುವಾಗ ಗಾಡಿ ಡಾಂಬರು ರಸ್ತೆಯಲ್ಲೇ ಬಿಟ್ಟು ನಡೆದು ಹೋಗಿ. ಹೋಗಲೇಬೇಕು ಅಂದರೆ ಬಂದ ಕೂಡಲೇ, ಮಣ್ಣು ಹಸಿ ಇದ್ದಾಗಲೇ ಒಳಗಿನಿಂದ ತೊಳೆಯಿರಿ.

ಬೆಣ್ಣೆನಗರಿ
ಸ್ಟೆಪ್ನಿ ಹಾಕಿದೆ, ಅದೇ ಅಳತೆಯದು. ಕುಲುಕಾಟ ಹೋಯಿತು. ಉಬ್ಬಿದ ಟೈರನ್ನು ಅಂಗಡಿಯವರು ಕತ್ತರಿಸಿ ತೋರಿಸಿದರು. ಒಳಗೆ ಅಂಗೈ ಉದ್ದಕ್ಕೆ ತಂತಿ ಬಿಟ್ಟುಕೊಂಡಿತ್ತು. ಹೋದ ತಿಂಗಳು ಅಪ್ಪ ಅಮ್ಮನನ್ನು ಇದೇ ಟೈರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಹೊಸ ಜೋಡಿ ಗುರುವಾರ ಬರುತ್ತದೆ. ಅಲ್ಲಿಯವರೆಗೆ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ.