ಸಹಾಯ ಬೇಕು: ತಿಂಡಿ-ತಿನಿಸಿನ ಇಂಗ್ಲಿಷ್ ನುಡಿಗಟ್ಟು ಕಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಪೀಸ್ ಆಫ್ ಕೇಕ್’ ಅಂದರೆ ಸುಲಿದ ಬಾಳೆಹಣ್ಣಿನಷ್ಟು ಸುಲಭ ಅಂದೆ, ತಕ್ಷಣ ಹಿಡಿದರು. ‘ಬ್ರೆಡ್ ಅಂಡ್ ಬಟರ್’ಗೆ ಅಡಿಕೆ ತೋಟವನ್ನೇ ತೋರಿಸಿದೆ. ನಮ್ಮ ಹೊಟ್ಟೆಪಾಡು ಅದರಿಂದಲೇ ಅಲ್ವಾ?

‘ಸ್ಪಿಲ್ ದ ಬೀನ್ಸ್’ ಮಾತ್ರ ಕಷ್ಟವಾಗಿದೆ. ಗುಟ್ಟು ಬಿಟ್ಟುಕೊಡುವುದು ಅಂತ ಹೇಳಿದರೂ ಹುರುಳಿಕಾಯಿ ಚೆಲ್ಲಿದಳು ಅಂತಲೇ ಬರೆಯುತ್ತಾರೆ. ‘ಟೇಕ್ ಇಟ್ ವಿತ್ ಎ ಪಿಂಚ್ ಆಫ್ ಸಾಲ್ಟ್’ ಇನ್ನೂ ಕಷ್ಟ. ಪೂರ್ತಿ ನಂಬಬೇಡ ಅಂತ ಅದರ ಅರ್ಥ. ಆದರೆ ನಮ್ಮಲ್ಲಿ ಉಪ್ಪು ಅಂದರೆ ಋಣ. ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಅಂತ ಕೇಳಿ ಬೆಳೆದ ಮಕ್ಕಳು ಇವರು.

ಸುಮ್ನೆ ಬಾಯಿಪಾಠ ಮಾಡಿಸಲು ಮನಸ್ಸಿಲ್ಲ. ಇವೆರಡಕ್ಕೂ ಒಪ್ಪುವ ಕನ್ನಡ ಮಾತೋ, ಮನೆಯಲ್ಲಿ ನಡೆಯುವಂಥ ಸಣ್ಣ ಸನ್ನಿವೇಶವೋ ಹೊಳೆದರೆ ದಯವಿಟ್ಟು ತಿಳಿಸಿ. ಶನಿವಾರದ ಪಾಠಕ್ಕೆ ಬೇಕು.